ಅಪ್ಪನ ಪದ್ಮಿನಿಗೆ ಮಾರುತಿಯ ಎಂಜಿನ್ ಕೂರಿಸಬಹುದೇ?

ಅಪ್ಪ ಬಿಟ್ಟುಹೋದ 1978ರ ಪ್ರೀಮಿಯರ್ ಪದ್ಮಿನಿ ಇದೆ, ಗುಜರಿಯಲ್ಲಿ ಮಾರುತಿ 800ರ ಎಂಜಿನ್ ಅಗ್ಗಕ್ಕೆ ಸಿಗುತ್ತಿದೆ, ಅದನ್ನು ಹಾಕಿಸಿ ದಿನವೂ ಕಚೇರಿಗೆ ಓಡಿಸಬಹುದೇ ಎಂದು ಕೇಳಿದ್ದೀರಿ. ಎಂಜಿನ್ ಬೇಡ. ಅದೇ ಗುಜರಿಯವನಿಂದ ಆ ಮಾರುತಿಯ ಆಲ್ಟರ್ನೇಟರ್ (ಎಂಜಿನ್ ತಿರುಗುವಾಗ ಬ್ಯಾಟರಿಗೆ ಚಾರ್ಜು ಕೊಡುವ ಭಾಗ) ಮಾತ್ರ ಬಿಚ್ಚಿಸಿಕೊಂಡು ಬನ್ನಿ.

ನನ್ನ ಬಳಿಯೂ ಒಂದು ಪದ್ಮಿನಿ ಇದೆ. ನಿಮ್ಮ ಹುರುಪು ನನಗೂ ಇತ್ತು, ಅದಕ್ಕೆ ತಕ್ಕ ದಂಡವನ್ನೂ ತೆತ್ತಿದ್ದೇನೆ.

ಪದ್ಮಿನಿಯ 1089 ಸಿಸಿ ಎಂಜಿನ್ ಬಾನೆಟ್ಟಿನ ಕೆಳಗೆ ಉದ್ದಕ್ಕೆ ಕೂರುತ್ತದೆ, ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಮಾರುತಿ 800ರದು ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನು ಎಳೆಯುವ ಜಾತಿ. ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಕೂಡ ಗೇರ್‌ಬಾಕ್ಸಿನ ಹೊಟ್ಟೆಯಲ್ಲೇ ಇರುತ್ತದೆ. ಅದನ್ನು ಕೂರಿಸಬೇಕಾದರೆ ಕಾರನ್ನೇ ಕೊಯ್ಯಬೇಕು. ಉದ್ದಕ್ಕೆ ಕೂರುವುದೇ ಬೇಕೆಂದು ಮಾರುತಿಯದೇ ವ್ಯಾನು ಓಮ್ನಿಯದನ್ನು ತಂದರೆ ಅದೂ 796 ಸಿಸಿ, ಪದ್ಮಿನಿಯ ಭಾರಕ್ಕೆ ಏದುಸಿರು ಬಿಡುತ್ತದೆ. ಅಂಬಾಸಿಡರ್ ಇಟ್ಟುಕೊಂಡವರ ಪಾಡು ಬೇರೆ. ಅದೇ ಕಂಪನಿಯ ಇನ್ನೊಂದು ಕಾರು ಕಾಂಟೆಸಾದಲ್ಲಿದ್ದ 1.8 ಲೀಟರಿನ ಇಸುಜು ಎಂಜಿನನ್ನು ಕಂಪನಿಯೇ 1990ರ ದಶಕದಲ್ಲಿ ಅಂಬಾಸಿಡರಿಗೂ ಇಟ್ಟಿತು, ಹಾಗಾಗಿ ಹಳೆಯ ಅಂಬಾಸಿಡರಿಗೆ ಅದನ್ನು ಜೋಡಿಸುವ ದಾರಿ ಸವೆದ ದಾರಿ. ಅವರನ್ನು ನೋಡಿ ನಾವು ಹೊರಡುವುದು ಬೇಡ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಎಂಜಿನ್ ನಂಬರು ನೋಂದಣಿ ಪತ್ರದಲ್ಲಿದೆ. ಆ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾರ್ಪಾಡು ಮಾಡಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಇನ್ನೊಂದು ಲೆಕ್ಕ: 2021ರ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ, ಎಂಜಿನ್, ಚಾಸಿ, ಬಾಡಿ ಮೂಲ ರೂಪದಲ್ಲಿರುವ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಆಮೇಲೆ ಅದನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ, ನಿಜ. ಆದರೆ ನಿಮ್ಮ ಕಾರಿಗೆ 2028ಕ್ಕೆ ಐವತ್ತು ತುಂಬುತ್ತದೆ. ಈಗ ಎಂಜಿನ್ ಕಿತ್ತರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಈಗ ಆಲ್ಟರ್ನೇಟರಿಗೆ ಬರೋಣ. ಪದ್ಮಿನಿಯಲ್ಲಿ ಇದೇ ಕೆಲಸ ಮಾಡುವ ಹಳೆಯ ಡೈನಮೊ, ಎಂಜಿನ್ ನಿಧಾನವಾಗಿ ತಿರುಗುವಾಗ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ. ಮಳೆಗಾಲದ ಸಂಜೆ, ಹೆಡ್‌ಲೈಟು, ವೈಪರು ಎರಡೂ ಹಾಕಿಕೊಂಡು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿದರೆ ಬ್ಯಾಟರಿ ಮನೆ ಮುಟ್ಟುವಷ್ಟರಲ್ಲಿ ಬರಿದು. ಆಲ್ಟರ್ನೇಟರಿಗೆ ಆ ಕಷ್ಟವಿಲ್ಲ, ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರೂ ಅದರೊಳಗೇ ಇರುವುದರಿಂದ ಅದೇ ಕೆಲಸದ ಹಳೆಯ ಕಟೌಟ್ ಪೆಟ್ಟಿಗೆಗೆ ನಿವೃತ್ತಿ. ಚಾರ್ಜಿಂಗ್ ತಂತಿಯನ್ನು ಮಾತ್ರ ದಪ್ಪದ್ದು ಎಳೆಸಿ. ಹಳೆಯದು ಇಷ್ಟು ಕರೆಂಟಿಗೆ ಹುಟ್ಟಿದ್ದಲ್ಲ.

ಕೆಲಸ ಕೆಡುವುದು ಬ್ರಾಕೆಟ್ಟಿನಲ್ಲಿ. ನಾನು ಅವಸರಕ್ಕೆ ಒಂದು ಕಬ್ಬಿಣದ ಪಟ್ಟಿಯನ್ನು ಬೆಸುಗೆ ಹಾಕಿಸಿಕೊಂಡೆ. ಆಲ್ಟರ್ನೇಟರಿನ ಪುಲ್ಲಿ ಕ್ರ್ಯಾಂಕಿನ ಪುಲ್ಲಿಗಿಂತ ಅರ್ಧ ಬೆರಳು ಹೊರಗೆ ನಿಂತಿತ್ತು. ಬೆಲ್ಟು ಮೂರು ವಾರ ಕೀರಲು ದನಿಯಲ್ಲಿ ಎಚ್ಚರಿಸಿತು. ಹೊಸ ಬೆಲ್ಟು, ಪಳಗುತ್ತದೆ ಎಂದುಕೊಂಡೆ. ಮದ್ದೂರು ದಾಟಿ ಸ್ವಲ್ಪ ದೂರಕ್ಕೆ, ರಾತ್ರಿ ಒಂಬತ್ತರ ಹೊತ್ತಿಗೆ ಅದು ಹರಿಯಿತು. ಈ ಕಾರಿನಲ್ಲಿ ನೀರಿನ ಪಂಪು, ಫ್ಯಾನು ಎರಡಕ್ಕೂ ಅದೇ ಬೆಲ್ಟು. ಚಾರ್ಜಿಂಗ್ ದೀಪ ಹೊತ್ತಿಕೊಂಡಾಗ ಮನೆಗೆ ಹೋಗಿ ನೋಡಿದರಾಯಿತು ಎಂದು ಎರಡು ಕಿಲೋಮೀಟರ್ ಓಡಿಸಿದ ಜಾಣ ನಾನು. ನೀರು ಹರಿಯದೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಟ್ಟಿತು. ಜೊತೆಯಲ್ಲಿದ್ದ ಹೆಂಡತಿ ಮದ್ದೂರು ವಡೆಯ ಪೊಟ್ಟಣ ಬಿಚ್ಚಿ ತಿನ್ನುತ್ತಾ ಕೂತಳೇ ಹೊರತು ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಆದ್ದರಿಂದ ಬ್ರಾಕೆಟ್ಟನ್ನು ಲೇತಿನವರ ಬಳಿಯೇ ಮಾಡಿಸಿ, ಪುಲ್ಲಿಗಳ ಮುಖಕ್ಕೆ ನೇರ ಪಟ್ಟಿ ಹಿಡಿದು ನೋಡಿ. ನೂಲಿನಷ್ಟು ಸಂದು ಕಂಡರೂ ಕಾರು ಹೊರಗೆ ತೆಗೆಯಬೇಡಿ. ಡೈನಮೊ ಕೂತಿದ್ದ ತೂತುಗಳನ್ನೇ ಬಳಸಿ, ಬ್ಲಾಕಿಗೆ ಹೊಸ ತೂತು ಕೊರೆಯಲು ಯಾರಿಗೂ ಬಿಡಬೇಡಿ. ನಾಳೆ ಬೆಳಗ್ಗೆ ಹಳೆಯ ಡೈನಮೊವನ್ನು ಹಾಗೆಯೇ ಮತ್ತೆ ಕೂರಿಸಬಹುದೇ? ಹೌದಾದರೆ ಮಾತ್ರ ಆ ಜೋಡಣೆ ಒಪ್ಪಿಗೆ. ಬೇರೆ ಗಾಡಿಯಿಂದ ತರುವ ಪ್ರತಿ ಭಾಗಕ್ಕೂ ನಾನು ಈಗ ಇದೇ ಪ್ರಶ್ನೆ ಹಾಕುತ್ತೇನೆ.

ಸೀಟು ಬದಲಿಸುವ ಯೋಚನೆ ಇದ್ದರೆ ಬಿಡಿ. ಸ್ಟಿಯರಿಂಗಿನ ಪಕ್ಕದ ಗೇರ್ ಕಡ್ಡಿ ಮತ್ತು ಮುಂದೆ ಮೂವರು ಕೂರುವ ಬೆಂಚು ಒಂದಕ್ಕೊಂದು ಹುಟ್ಟಿದ ಜೋಡಿ.

ಬ್ರೇಕಿನ ವಿಷಯದಲ್ಲಿ ಮಾತ್ರ ಗುಜರಿಯ ಧೈರ್ಯ ಬೇಡ. ನಾಲ್ಕೂ ಕಡೆ ಡ್ರಮ್ಮು, ತುಳಿತಕ್ಕೆ ಬಲ ಕೂಡಿಸುವ ಬೂಸ್ಟರ್ ಇಲ್ಲ, ಗಟ್ಟಿಯಾಗಿ ತುಳಿಯಬೇಕು ಎಂಬುದು ನಿಜ. ಹಾಗೆಂದು ಬೇರೆ ಕಾರಿನ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ಬ್ರೇಕುಗಳಿಗೆ ದಾಟಿಸುವ ಭಾಗ) ತಂದರೆ ಅದರ ಒಳವ್ಯಾಸ ಹೊಂದಬೇಕು. ದೊಡ್ಡದಾದರೆ ಪೆಡಲು ಇನ್ನೂ ಕಲ್ಲಾಗುತ್ತದೆ, ಚಿಕ್ಕದಾದರೆ ಪೆಡಲು ನೆಲಕ್ಕೆ ಹೋದರೂ ಕಾರು ಸಾಕಷ್ಟು ಹಿಡಿಯುವುದಿಲ್ಲ. ಮೊದಲು ಹಳೆಯ ಡ್ರಮ್ಮುಗಳನ್ನು ಲೇತಿನಲ್ಲಿ ಹದ ಮಾಡಿಸಿ, ಹೊಸ ಲೈನಿಂಗ್, ಹೊಸ ರಬ್ಬರು, ಹೊಸ ಹೋಸು ಹಾಕಿಸಿ. ಪದ್ಮಿನಿ ನಿಲ್ಲುವುದಿಲ್ಲ ಎಂದು ದೂರುವವರ ಕಾರಿನಲ್ಲಿ ಸಾಮಾನ್ಯವಾಗಿ ಇಷ್ಟೂ ಬಾಕಿ ಇರುತ್ತದೆ.

ಅಂದಹಾಗೆ ನಿಮ್ಮ ಎಂಜಿನ್ನಿಗೆ ಏನಾಗಿದೆ ಎಂದು ನೀವು ಹೇಳಿಯೇ ಇಲ್ಲ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ, ನಾಲ್ಕು ಸಿಲಿಂಡರಿನ ಅಂಕಿಗಳನ್ನೂ ಇಲ್ಲಿ ಬರೆಯಿರಿ.