ಡಿ.ಎನ್. ಶಂಕರ ಭಟ್ಟರ ನೆನಪಿಗೆ ಕಾಲೇಜಿನಲ್ಲಿ ಒಂದು ದಿನದ ಕಾರ್ಯಕ್ರಮ: ಹಾರ, ಭಾಷಣ ಬಿಟ್ಟು ಏನು ಮಾಡಬಹುದು?

ಅವರ ಒಂದು ವಾದವನ್ನು ತೆಗೆದುಕೊಂಡು ವಿದ್ಯಾರ್ಥಿಗಳ ಕೈಯಿಂದಲೇ ಪರೀಕ್ಷೆ ಮಾಡಿಸಿ. 1967ರಲ್ಲಿ ತುಳುವಿನ, 1971ರಲ್ಲಿ ಕರಾವಳಿಯ ಕೊರಗ ಸಮುದಾಯದ ನುಡಿಯ ವಿವರಣೆಯನ್ನು ಪುಸ್ತಕವಾಗಿ ತಂದ ಭಾಷಾವಿಜ್ಞಾನಿ ಅವರು. ಜನರ ಬಾಯಲ್ಲಿರುವ ಮಾತಿನಿಂದಲೇ ಕೆಲಸ ಶುರು ಮಾಡಿದವರು. ಅವರನ್ನು ನೆನೆಯಲು ಇದಕ್ಕಿಂತ ತಕ್ಕ ದಾರಿ ನನಗಂತೂ ಕಾಣುವುದಿಲ್ಲ.

ಕಾಲದ ಪ್ರಶ್ನೆಯನ್ನೇ ಆರಿಸಿಕೊಳ್ಳಿ. ಶಾಲೆಯಲ್ಲಿ ಕನ್ನಡಕ್ಕೆ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳಿವೆ ಎಂದು ಕಲಿಸುತ್ತೇವೆ. ಕನ್ನಡದ ಕ್ರಿಯಾರೂಪಗಳು ತೋರಿಸುವುದು ಎರಡೇ ಎಂದು ಭಟ್ಟರು ವಾದಿಸಿದರು: ಆಗಿಹೋದದ್ದು ಒಂದು, ಉಳಿದದ್ದೆಲ್ಲ ಇನ್ನೊಂದು. ಬೋರ್ಡಿನ ಮೇಲೆ ಮೂರು ಜೋಡಿ ಬರೆಯಿರಿ: ಹೋದ ಊರು, ಹೋಗುವ ಊರು; ಹೋದದ್ದು, ಹೋಗುವುದು; ಹೋಗಲಿಲ್ಲ, ಹೋಗುವುದಿಲ್ಲ. ಪ್ರತಿ ಜೋಡಿಗೂ ಮೂರನೆಯದೊಂದನ್ನು ಹುಡುಕಲು ಹೇಳಿ. ಸಿಗುವುದಿಲ್ಲ. ‘ನಾನು ಅಲ್ಲಿಗೆ ಹೋಗುವುದಿಲ್ಲ’ ಎನ್ನುವುದು ದಿನನಿತ್ಯದ ಮಾತೂ ಹೌದು, ನಾಳೆಯ ಮಾತೂ ಹೌದು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಅವರು 2000ದಲ್ಲಿ ಪುಸ್ತಕವನ್ನೇ ಬರೆದದ್ದು ಯಾಕೆಂದು ಆ ಕ್ಷಣದಲ್ಲಿ ತಾನಾಗಿ ತಿಳಿಯುತ್ತದೆ.

ಆಮೇಲೆ ರೆಕಾರ್ಡಿಂಗ್. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಪ್ರತಿ ಗುಂಪೂ ಒಬ್ಬರ ಮಾತನ್ನು ಅವರ ಒಪ್ಪಿಗೆ ಪಡೆದು ಹತ್ತು ನಿಮಿಷ ಹಿಡಿಯಲಿ. ಫ್ಯಾನ್ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಬಟ್ಟೆಯ ಮೇಲೆ, ಮಾತಾಡುವವರಿಂದ ಒಂದೆರಡು ಗೇಣು ದೂರದಲ್ಲಿಡಿ. ಬರಿ ಮೇಜಿನ ಮೇಲಿಟ್ಟರೆ ಕೈ ತಾಗಿದ ಸದ್ದೆಲ್ಲ ಸೇರಿಕೊಳ್ಳುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಕೇಳುವ ರೀತಿಯಲ್ಲಿ. ‘ಭವಿಷ್ಯತ್ಕಾಲದಲ್ಲಿ ಹೇಳಿ’ ಎಂದರೆ ಯಾರೇ ಆದರೂ ಪಠ್ಯಪುಸ್ತಕದ ‘ಹೋಗುವೆನು’ ಒಪ್ಪಿಸುತ್ತಾರೆ. ಬರೀ ಹಳೆಯ ಕಥೆ ಕೇಳಿದರೆ ಹತ್ತು ನಿಮಿಷವೂ ಭೂತಕಾಲದಲ್ಲೇ ಮುಗಿಯುತ್ತದೆ. ನಿನ್ನೆಯ ದಿನ ಹೇಗಿತ್ತು, ದಿನಾ ಬೆಳಗಿನ ಕೆಲಸ ಏನೇನು, ಮುಂದಿನ ಹಬ್ಬದ ತಯಾರಿ ಹೇಗೆ ಎಂದು ಮೂರನ್ನೂ ಕೇಳಿಸಿ.

ಪೂರ್ತಿ ಹತ್ತು ನಿಮಿಷವನ್ನು ಬರೆದಿಳಿಸಲು ಹೋಗಬೇಡಿ. ಹೊಸಬರಿಗೆ ಒಂದು ನಿಮಿಷದ ಮಾತಿಗೆ ಅರ್ಧ ಗಂಟೆ ಬೇಕಾಗುತ್ತದೆ. ಮೂರೂ ಪ್ರಶ್ನೆಯ ಉತ್ತರದಿಂದ ಒಂದೊಂದು ನಿಮಿಷ ಸಾಕು. ಇಲ್ಲಿ ದೊಡ್ಡ ಅಪಾಯ ‘ತಿದ್ದಿ ಬರೆಯುವ’ ಅಭ್ಯಾಸ. ‘ಹೋಗ್ತೀನಿ’ ಎಂದದ್ದನ್ನು ಕೈ ತಾನಾಗಿ ‘ಹೋಗುತ್ತೇನೆ’ ಮಾಡಿಬಿಡುತ್ತದೆ. ಕರಾವಳಿಯ ‘ಹೋಗ್ತೇನೆ’, ಧಾರವಾಡದ ಕಡೆಯ ‘ಹೊಕ್ಕೀನಿ’, ಕೇಳಿದ್ದು ಕೇಳಿದ ಹಾಗೇ ಬರಲಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಆಡಿಯೋ ಕೇಳಿಕೊಂಡೇ ಸರಿನೋಡಲಿ. ಬಳಿಕ ಪ್ರತಿ ವಾಕ್ಯದ ಕೊನೆಯ ಕ್ರಿಯಾಪದವನ್ನು ಚೀಟಿಯಲ್ಲಿ ಬರೆದು, ಸಂದರ್ಭ ನೋಡಿ ಅದು ಯಾವ ಹೊತ್ತಿನ ಮಾತು ಎಂದು ಗುರುತು ಹಾಕಿ. ‘ಹೋಗ್ತೀನಿ’ ದಿನನಿತ್ಯದ ಗುಂಪಿನಲ್ಲೂ ನಾಳೆಯ ಗುಂಪಿನಲ್ಲೂ ಬಂದು ಬೀಳುತ್ತದೆ.

ಯಾರಾದರೂ ಜಾಣರು ‘ಇತ್ತು, ಇದೆ, ಇರುತ್ತೆ’ ಮೂರಾಯಿತಲ್ಲ ಎಂದು ಕೇಳಬಹುದು. ಕೇಳಲೇಬೇಕು. ಚರ್ಚೆಗೆ ಅರ್ಧ ಗಂಟೆ ಬಿಡಿ. ‘ಆ ಬಸ್ಸು ದಿನಾ ಇರುತ್ತೆ’ ಎಂಬಲ್ಲಿ ನಾಳೆ ಎಲ್ಲಿದೆ, ‘ಇದ್ದ, ಇರುವ’ ಎಂಬಲ್ಲಿ ಮತ್ತೆ ಎರಡೇ ಯಾಕೆ ಎಂದು ತಿರುಗಿ ಕೇಳಿ. ತೀರ್ಪು ಕೊಡುವ ಅವಸರ ಬೇಡ.

ಮಹಾಪ್ರಾಣದ ವಿಷಯ ಎತ್ತಿದರೆ ಇಡೀ ದಿನವನ್ನು ಅದೇ ನುಂಗುತ್ತದೆ. ಸಾಮಾನ್ಯ ಬರಹದಲ್ಲಿ ಖ, ಘ, ಧ, ಭ ಮುಂತಾದವು ಬೇಡ ಎಂದ ಅವರ ಸಲಹೆಯೊಂದೇ ಹಲವರಿಗೆ ಗೊತ್ತಿರುವುದು, ಅದು ನೋವಿನ ಸಂಗತಿ. ಬಿಡಲಾಗದಿದ್ದರೆ ವಾಗ್ವಾದದ ಬದಲು ಪರೀಕ್ಷೆ ಇಡಿ. ದನ, ಧನ, ಬಾನು, ಭಾನು, ಕರ, ಖರ ಈ ಆರು ಪದಗಳನ್ನು 24 ಚೀಟಿಗಳಲ್ಲಿ, ಒಂದೊಂದು ನಾಲ್ಕು ಸಲ ಬರುವಂತೆ ಬರೆದು ಕಲಸಿ. ಒಬ್ಬರು ಮರೆಯಲ್ಲಿ ಕೂತು ಸಹಜವಾಗಿ ಓದಲಿ, ಉಳಿದವರು ಕೇಳಿದ್ದನ್ನು ಬರೆಯಲಿ. ಜೋಡಿಯ ಎರಡು ಪದಗಳಲ್ಲಿ ಒಂದನ್ನು ಬರೀ ಊಹಿಸಿ ಬರೆದರೂ 12ರಷ್ಟು ಸರಿಯಾಗಬಹುದು; ಅದಕ್ಕಿಂತ ಎಷ್ಟು ಹೆಚ್ಚು ಎನ್ನುವುದನ್ನೇ ನೋಡಬೇಕು. ‘ಭಾಷೆ’ಯಂಥ ಪದ ಇಡಬೇಡಿ, ಕಿವಿ ಏನು ಕೇಳಿದರೂ ಕೈ ಕಾಗುಣಿತ ನೆನಪಿಟ್ಟು ಸರಿಯಾಗಿಯೇ ಬರೆಯುತ್ತದೆ.

ಸಂಜೆ ಹೊರಡುವ ಮುಂಚೆ ಪ್ರತಿ ರೆಕಾರ್ಡಿಂಗಿಗೂ ಒಂದು ಹಾಳೆ ತುಂಬಿಸಿ: ತಾರೀಖು, ಮಾತಾಡಿದವರು ಬೆಳೆದ ತಾಲ್ಲೂಕು, ಅಂದಾಜು ವಯಸ್ಸು, ಮನೆಯಲ್ಲಿ ಆಡುವ ಬೇರೆ ಭಾಷೆಗಳು, ಒಪ್ಪಿಗೆಯ ಸಹಿ. ಕಡತಕ್ಕೆ ವ್ಯಕ್ತಿಯ ಹೆಸರಿಡದೆ ಸಂಖ್ಯೆ ಕೊಡಿ, ಸಹಿಯ ಹಾಳೆಯನ್ನು ಬೇರೆಯಾಗಿಡಿ. ಆಡಿಯೋ ಮತ್ತು ಬರಹ ಎರಡರ ಪ್ರತಿಯೂ ಅವತ್ತೇ ಗ್ರಂಥಾಲಯದ ಕಂಪ್ಯೂಟರಿಗೆ ಹೋಗಲಿ. ಮೊಬೈಲಿನಲ್ಲೇ ಬಿಟ್ಟರೆ ಜಾಗ ಸಾಲದೆ ಬರುವ ತಿಂಗಳಷ್ಟರಲ್ಲಿ ಅಳಿಸಿಹೋಗಿರುತ್ತದೆ.