ಅಣ್ಣ ಹೇಳಿದ್ದು ಯಾವ ಇಸವಿಯ ಜರ್ಮನಿ?

'ಅಕ್ಕಾ' ಅಂತ ಕರೆದಿದ್ದೀಯ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ಸ್ಟುಟ್‌ಗಾರ್ಟಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ, ಮೂರು ತಿಂಗಳಲ್ಲಿ ಹೊರಡಬೇಕು ಅಂದಿದ್ದೀಯ. ನಿನ್ನ ದೊಡ್ಡಪ್ಪನ ಮಗ 2010ರವರೆಗೆ ಇಲ್ಲೇ ಇದ್ದನಂತೆ. ಅವನು ಹೇಳಿಕೊಟ್ಟಿದ್ದನ್ನೂ ಕಳಿಸಿದ್ದೀಯ: ವಾಸದ ಪರವಾನಗಿಯನ್ನು ಪಾಸ್‌ಪೋರ್ಟಿಗೇ ಅಂಟಿಸುತ್ತಾರೆ, ಜ್ವರ ಬಂದರೆ ಡಾಕ್ಟರ್ ಬರೆದುಕೊಡುವ ಹಳದಿ ಚೀಟಿಯನ್ನು ಆಫೀಸಿಗೆ ತಂದುಕೊಡಬೇಕು, ಟಿವಿ ಇಲ್ಲದವರು ಟಿವಿ ದುಡ್ಡು (ಸಾರ್ವಜನಿಕ ಟಿವಿ-ರೇಡಿಯೋ ನಡೆಸಲು ಕಟ್ಟುವ ಶುಲ್ಕ) ಕಟ್ಟಬೇಕಿಲ್ಲ, ಎಂಟು ವರ್ಷಕ್ಕೆ ಪೌರತ್ವ, ಆಫೀಸಿನಲ್ಲಿ ಎಲ್ಲರಿಗೂ ಬಹುವಚನ, ಭಾನುವಾರ ಗೋಡೆಗೆ ಡ್ರಿಲ್ ಹಾಕಬೇಡ. ಇದರಲ್ಲಿ ಎಷ್ಟು ನಿಜ ಅಂತ ನಿನ್ನ ಪ್ರಶ್ನೆ.

ಅಣ್ಣ ಸುಳ್ಳು ಹೇಳಿಲ್ಲ. ಎಲ್ಲ ಅವನ ಕಾಲಕ್ಕೆ ಸರಿ. ಈಗ ಉಳಿದಿರುವುದು ಭಾನುವಾರದ ಡ್ರಿಲ್ ಒಂದೇ.

ಪರವಾನಗಿಗೆ 2011ರ ಸೆಪ್ಟೆಂಬರಿನಿಂದ ಬೇರೆಯದೇ ಕಾರ್ಡು ಇದೆ. ನಿನ್ನನ್ನು ವಿಮಾನ ಹತ್ತಿಸುವ ಮೊದಲ ವೀಸಾ ಮಾತ್ರ ಪಾಸ್‌ಪೋರ್ಟಿನಲ್ಲಿ ಇರುತ್ತದೆ. ಹಳದಿ ಚೀಟಿ 2023ರಲ್ಲಿ ಹೋಯಿತು. ಸರಕಾರಿ ವಿಮೆ ಇದ್ದರೆ ಡಾಕ್ಟರ್ ಕಡೆಯಿಂದ ವಿವರ ವಿಮೆಯವರಿಗೆ ಹೋಗುತ್ತದೆ, ಕಂಪನಿ ಅಲ್ಲಿಂದ ತೆಗೆದುಕೊಳ್ಳುತ್ತದೆ. ಹಾಗಂತ ಸುಮ್ನೆ ಮಲಗಿಬಿಡಬೇಡ, ಹುಷಾರಿಲ್ಲ ಅಂತ ಬೆಳಿಗ್ಗೆಯೇ ತಿಳಿಸಬೇಕು. ಟಿವಿ ದುಡ್ಡು 2013ರಿಂದ ಮನೆಗೆ ಇಷ್ಟು ಅಂತ ಲೆಕ್ಕ. ಟಿವಿ ಇರಲಿ ಬಿಡಲಿ, ತಿಂಗಳಿಗೆ 18.36 ಯೂರೋ. ಮೊದಲು ಇದನ್ನು ವಸೂಲಿ ಮಾಡುತ್ತಿದ್ದ ಸಂಸ್ಥೆಗೆ ಗೆ-ಎ-ಟ್ಸೆಟ್ ಅಂತ ಹೆಸರು. ಆ ಹೆಸರು ಹೋಗಿ ಹತ್ತು ವರ್ಷದ ಮೇಲಾಯಿತು, ಆದರೂ ಜರ್ಮನ್ನರು 'ಗೆ-ಎ-ಟ್ಸೆಟ್ ಕಟ್ಟಿದೆಯಾ' ಅಂತಲೇ ಕೇಳುತ್ತಾರೆ. ನೀನು ಗೂಗಲ್‌ನಲ್ಲಿ ಆ ಹೆಸರಿನ ಕಚೇರಿ ಹುಡುಕುತ್ತಾ ಕೂರಬೇಡ. ಕೆಲಸ ಕೊಡಿಸುವ ಕಚೇರಿಯದ್ದೂ ಇದೇ ಕಥೆ. 2004ರಲ್ಲಿ ಅದು 'ಏಜೆನ್ಸಿ' ಆಯಿತು, ಜನರ ಬಾಯಲ್ಲಿ ಇವತ್ತಿಗೂ ಹಳೆಯ 'ಆರ್ಬೈಟ್ಸ್‌ಆಮ್ಟ್'.

ನಾನು ಬಂದಿದ್ದು 2001ರಲ್ಲಿ, ಗಂಡನ ಹಿಂದೆ. ಆಗ ಕಂಪ್ಯೂಟರ್ ಜನ ಬೇಕು ಅಂತ ಇಲ್ಲಿನ ಸರಕಾರ 'ಗ್ರೀನ್ ಕಾರ್ಡ್' ಅಂತ ಶುರು ಮಾಡಿತ್ತು. ಹೆಸರು ಅಮೆರಿಕದ್ದು, ಒಳಗೆ ಐದು ವರ್ಷದ ಪರವಾನಗಿ ಅಷ್ಟೇ. ನಾನು ಬರುವ ಹಿಂದಿನ ವರ್ಷವೇ ಒಬ್ಬ ರಾಜಕಾರಣಿಯ ಪ್ರಚಾರದಿಂದ 'ಕಿಂಡರ್ ಷ್ಟಾಟ್ ಇಂಡರ್' ಅನ್ನುವ ಘೋಷಣೆ ಹುಟ್ಟಿಕೊಂಡಿತ್ತು. ಅಂದರೆ ಇಂಡಿಯನ್ನರ ಬದಲು ಮಕ್ಕಳು. ನಮ್ಮ ಮಕ್ಕಳಿಗೆ ಕಂಪ್ಯೂಟರ್ ಕಲಿಸೋಣ, ಇವರನ್ನು ಯಾಕೆ ಕರೆಸಬೇಕು ಅಂತ ಅರ್ಥ. ಪ್ರಾಸ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು.

ನಮ್ಮಂಥವರನ್ನು ಕರೆಯುವ ಪದ ಎಷ್ಟು ಸಲ ಬದಲಾಗಿದೆ ನೋಡು. 1955ರಲ್ಲಿ ಇಟಲಿ ಜೊತೆ, 1961ರಲ್ಲಿ ಟರ್ಕಿ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗೆ ಜನ ತರಿಸಿದರು. ಅವರು 'ಗಾಸ್ಟ್‌ಆರ್ಬೈಟರ್', ಅತಿಥಿ ಕೆಲಸಗಾರರು. ಅತಿಥಿ ಅಂದಮೇಲೆ ಎದ್ದು ಹೋಗಬೇಕಲ್ಲ! 1973ರಲ್ಲಿ ಹೊಸಬರನ್ನು ಕರೆಸುವುದು ನಿಲ್ಲಿಸಿದರು, ಆದರೆ ಇದ್ದವರಲ್ಲಿ ತುಂಬಾ ಜನ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಇಲ್ಲೇ ಉಳಿದರು. ಆಮೇಲೆ ಅವರು 'ವಿದೇಶಿಯರು' ಆದರು. 2005ರ ಸುಮಾರಿಗೆ 'ವಲಸೆ ಹಿನ್ನೆಲೆಯವರು' ಅನ್ನುವ ಉದ್ದ ಪದ ಸರಕಾರಿ ಲೆಕ್ಕಪತ್ರಕ್ಕೆ ಬಂತು. ಇಲ್ಲೇ ಹುಟ್ಟಿದ ನನ್ನ ಮಗನೂ ಆ ಲೆಕ್ಕದಲ್ಲಿದ್ದಾನೆ. ಅವನ ಕನ್ನಡಕ್ಕಿಂತ ಅವನ ಶ್ವಾಬಿಷ್, ಅಂದರೆ ಈ ಕಡೆಯ ಆಡು ಜರ್ಮನ್, ಚೆನ್ನಾಗಿದೆ.

ಪೌರತ್ವದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಅಲ್ಲೇ ಎಲ್ಲರೂ ಎಡವುವುದು. ಇಲ್ಲಿನ ಕಾನೂನು 1913ರದ್ದು, ರಕ್ತದ ಮೇಲೆ ನಿಂತಿದ್ದು. ಅಪ್ಪ ಅಮ್ಮ ಜರ್ಮನ್ ಆಗಿದ್ದರೆ ಮಗು ಜರ್ಮನ್. 2000ದ ತನಕ ಹಕ್ಕಿನಿಂದ ಪೌರತ್ವ ಕೇಳಬೇಕಾದರೆ ದೊಡ್ಡವರು ಹದಿನೈದು ವರ್ಷ ಇಲ್ಲಿರಬೇಕಿತ್ತು. 2000ದಲ್ಲಿ ಎಂಟಕ್ಕೆ ಇಳಿಯಿತು. ನಿಮ್ಮ ಅಣ್ಣನ ಎಂಟು ಅದೇ. 2024ರ ಜೂನ್ 27ರಿಂದ ಐದು. ಜರ್ಮನ್ ಭಾಷೆ ಚೆನ್ನಾಗಿ ಬಂದು ಇನ್ನೂ ಏನೇನೋ ಸಾಧಿಸಿದವರಿಗೆ ಮೂರೇ ವರ್ಷ ಅಂತ ಆಗ ಒಂದು ದಾರಿ ತೆರೆದಿದ್ದರು, 2025ರ ಅಕ್ಟೋಬರಿನಲ್ಲಿ ಮುಚ್ಚಿಬಿಟ್ಟರು. ಮೂರು ವರ್ಷ ಅಂತ ಹೇಳುವ ವಿಡಿಯೋಗಳು ಇನ್ನೂ ಓಡುತ್ತಿವೆ. ನೋಡಿ ಆಸೆ ಪಡಬೇಡ.

ಇನ್ನೊಂದು. 2024ರಿಂದ ಜರ್ಮನಿ ಹಳೆಯ ಪೌರತ್ವ ಬಿಡು ಅಂತ ಕೇಳುವುದಿಲ್ಲ. ಇದನ್ನು ಕೇಳಿ ನಮ್ಮವರು ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು ಅಂದುಕೊಂಡರು. ಬಾಗಿಲು ಈ ಕಡೆ ತೆರೆದಿದೆ, ಆ ಕಡೆ ಇಲ್ಲ. ಭಾರತದ 1955ರ ಕಾಯಿದೆ ಹಾಗೇ ಇದೆ. ನೀನಾಗಿ ಬೇರೆ ದೇಶದ ಪೌರತ್ವ ತೆಗೆದುಕೊಂಡ ಕ್ಷಣ ಭಾರತದ್ದು ಹೋಗುತ್ತದೆ, ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಆಮೇಲೆ ಓಸಿಐ ಕಾರ್ಡು, ಅಂದರೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು. ನಾನು ಮಾತ್ರ ಇವತ್ತಿಗೂ ಬಾಯಿತಪ್ಪಿ ಅಂಥದ್ದೇ ಹಳೆಯ ಕಾರ್ಡಿನ ಹೆಸರು 'ಪಿಐಓ' ಅನ್ನುತ್ತೇನೆ. ಅದನ್ನು 2015ರಲ್ಲೇ ಓಸಿಐ ಜೊತೆ ಸೇರಿಸಿದ್ದಾರೆ. ಜರ್ಮನ್ನರನ್ನು ಆಡಿಕೊಳ್ಳುವುದು ಸುಲಭ ಅಲ್ವಾ?

ಬಹುವಚನದ ವಿಷಯ. ಇವರಿಗೂ ನೀನು-ನೀವು ಇದೆ: 'ಡು', 'ಜೀ'. ಕನ್ನಡದವರಿಗೆ ಇದು ಸುಲಭ ಅಂದುಕೊಂಡೇ ನಾನು ಕೆಟ್ಟೆ. ನಮ್ಮಲ್ಲಿ ದೊಡ್ಡವರು ಚಿಕ್ಕವರಿಗೆ ನೀನು ಅನ್ನಬಹುದು, ಚಿಕ್ಕವರು ನೀವು ಅನ್ನಬೇಕು. ಇಲ್ಲಿ ದೊಡ್ಡವರ ನಡುವೆ ಆ ಒಮ್ಮುಖ ಲೆಕ್ಕ ಇಲ್ಲ. ಇಬ್ಬರೂ ಡು, ಇಲ್ಲ ಇಬ್ಬರೂ ಜೀ. ಮೊದಲ ಕೆಲಸದಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರೊಬ್ಬರು 'ಇನ್ನು ಡು ಅನ್ನೋಣ' ಅಂದರು. ನನ್ನ ನಾಲಿಗೆ ಹೊರಳಲಿಲ್ಲ. ಅವರು ಡು, ನಾನು ಜೀ. ಗೌರವ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ತನ್ನನ್ನು ದೂರ ಇಡುತ್ತಿದ್ದಾಳೆ ಅಂತ ಅವರು ನೊಂದುಕೊಂಡಿದ್ದರು. ನಿನ್ನಂಥ ಸಾಫ್ಟ್‌ವೇರ್ ಆಫೀಸಿನಲ್ಲಿ ಈಗ ಮೊದಲ ದಿನದಿಂದಲೇ ಡು ಇರಬಹುದು. ಸರಕಾರಿ ಕಚೇರಿಯಲ್ಲಿ, ಪಕ್ಕದ ಮನೆಯ ಅಜ್ಜಿಯ ಹತ್ತಿರ ಜೀ ಬಿಡಬೇಡ.

ಹೆಂಗಸರಿಗೆ ಕುಮಾರಿ-ಶ್ರೀಮತಿ ಭೇದ ಇಲ್ಲಿ ಇಲ್ಲ. 'ಫ್ರಾಯ್ಲೈನ್' ಅನ್ನುವ ಕುಮಾರಿಯನ್ನು ಸರಕಾರಿ ಕಾಗದದಿಂದ 1972ರಲ್ಲೇ ತೆಗೆದರು, ಎಲ್ಲರೂ 'ಫ್ರಾವ್'. ನಮ್ಮ ಮೇಲಿನ ಮನೆಯ ಅಜ್ಜಿ ಮಾತ್ರ ಹೋಟೆಲಿನಲ್ಲಿ 'ಫ್ರಾಯ್ಲೈನ್!' ಅಂತಲೇ ಕೂಗುತ್ತಿದ್ದರು. ತಿರುಗಿ ನೋಡುತ್ತಿದ್ದ ಹೆಂಗಸಿಗೆ ಐವತ್ತರ ಮೇಲೆ ವಯಸ್ಸು. ಆ ಅಜ್ಜಿಯೇ ಒಮ್ಮೆ ನನಗೆ ಹೇಳಿದ್ದು: ಮನೆಗೆಲಸ ಕೆಡದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು ಅಂತ ಇವರ ಕಾನೂನಿನಲ್ಲೇ ಬರೆದಿತ್ತಂತೆ. ನಂಬಲಿಲ್ಲ, ಹುಡುಕಿ ಓದಿದೆ. 1977ರ ತನಕ ಇತ್ತು. ಯುರೋಪು ಮೊದಲಿಂದಲೂ ಹೀಗೇ ಇತ್ತು ಅಂದುಕೊಂಡು ಬಂದಿದ್ದ ನನಗೆ ಒಂಥರಾ ಸಮಾಧಾನ ಆಯಿತು.

ಇನ್ನು ನಿಮ್ಮ ಅಣ್ಣ ಹೇಳದೇ ಬಿಟ್ಟಿದ್ದು, ಕೇರ್‌ವೊಖೆ. ಅಂದರೆ ಗುಡಿಸುವ ವಾರ. ಒಂದು ದಿನ ಬಾಗಿಲು ತೆಗೆದರೆ ಹಿಡಿಗೆ ಒಂದು ಚಿಕ್ಕ ಮರದ ಬೋರ್ಡು ನೇತಾಡುತ್ತಿತ್ತು. ಹೊಸ ಮನೆಗೆ ಶುಭಾಶಯ ಇರಬೇಕು ಅಂತ ಒಳಗೆ ತಂದು ಗೋಡೆಗೆ ನೇತುಹಾಕಿದೆ! ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನನ್ನದು, ಮುಗಿದ ಮೇಲೆ ಬೋರ್ಡನ್ನು ಪಕ್ಕದವರ ಬಾಗಿಲಿಗೆ ಹಾಕಬೇಕು ಅಂತ ತಿಳಿಯುವಷ್ಟರಲ್ಲಿ ಹತ್ತು ದಿನ ಆಗಿತ್ತು. ಮೆಟ್ಟಿಲ ಮೇಲೆ ಯಾರೂ ಮಾತಾಡಿಸುತ್ತಿರಲಿಲ್ಲ. ತಮಾಷೆ ಏನು ಗೊತ್ತಾ? ಸ್ಟುಟ್‌ಗಾರ್ಟ್ ನಗರಸಭೆ ಈ ನಿಯಮವನ್ನು 1988ರಲ್ಲೇ ತೆಗೆದುಹಾಕಿತ್ತು. ಆದರೆ ಬಾಡಿಗೆ ಕರಾರಿನಲ್ಲಿ ಇದೆ, ಬೋರ್ಡಿದೆ, ಪಕ್ಕದ ಮನೆಯವರ ಕಣ್ಣಿದೆ. ಎಲ್ಲಾದರೂ ಕಾನೂನು ಹೋಗಿದೆ ಅಂತ ವಾದ ಮಾಡೀಯ. ಪೊರಕೆ ತಗೋ.

ಭಾನುವಾರ ಮಾತ್ರ ಹಾಗಲ್ಲ, ಅದಕ್ಕೆ ಸಂವಿಧಾನದ್ದೇ ಬಲ ಇದೆ. 1919ರ ಸಂವಿಧಾನದ ಸಾಲನ್ನು 1949ರದ್ದರಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ: ಭಾನುವಾರ ವಿಶ್ರಾಂತಿಯ ದಿನ. ನಾನು ಬಂದಾಗ ಶನಿವಾರ ಸಂಜೆ ನಾಲ್ಕಕ್ಕೇ ಅಂಗಡಿ ಮುಚ್ಚುತ್ತಿತ್ತು. ನಾವು ಇಳಿದದ್ದು ಶನಿವಾರ ಐದಕ್ಕೆ. ಸೋಮವಾರದ ತನಕ ಪೆಟ್ರೋಲ್ ಬಂಕಿನ ಹಾಲು, ಊರಿಂದ ತಂದ ಅವಲಕ್ಕಿ. ಈಗ ಶನಿವಾರ ರಾತ್ರಿಯವರೆಗೂ ತೆರೆದಿರುತ್ತದೆ, ಭಾನುವಾರ ಇವತ್ತಿಗೂ ಬೀಗ.

ಬಂದ ಮೇಲೆ ಮೊದಲ ಕೆಲಸ ವಿಳಾಸ ನೋಂದಣಿ, ಮನೆಗೆ ಸೇರಿದ ಎರಡು ವಾರದೊಳಗೆ. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು. 2002ರಲ್ಲಿ ಬೇಡ ಅಂದಿದ್ದರು, 2015ರಲ್ಲಿ ಮತ್ತೆ ತಂದರು. ಆ ನಡುವೆ ಬಂದುಹೋದವರು 'ಅದೆಲ್ಲ ಬೇಡಪ್ಪಾ' ಅನ್ನುತ್ತಾರೆ. ಯಾರು ಏನೇ ಹೇಳಿದರೂ, ನಾನು ಹೇಳಿದರೂ, ಯಾವ ಇಸವಿಯದ್ದು ಅಂತ ಕೇಳು.

ಆ ನೋಂದಣಿಯಲ್ಲೇ ನನ್ನ ಹೆಸರು ಹೋಗಿದ್ದು. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು, ಅದರ ಮುಂದೆ ಅಪ್ಪನ ಹೆಸರು. ಕಾಯುವ ಕೋಣೆಗೆ ಒಬ್ಬರು ಬಂದು 'ಫ್ರಾವ್' ಅಂತ ಹೇಳಿ ನಮ್ಮ ಅಪ್ಪನ ಹೆಸರು ಕೂಗಿದರು. ಒಂದು ಕ್ಷಣ ಅಪ್ಪ ಎಲ್ಲಿ ಬಂದರು ಅಂತ ಹಿಂದೆ ತಿರುಗಿದೆ. ಇಪ್ಪತ್ತು ವರ್ಷದ ಮೇಲಾಯಿತು, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ನಾನು ನಮ್ಮಪ್ಪನೇ. ಇವರಿಗೆ ಮನೆತನದ ಹೆಸರು ಅಂತ ಒಂದು ಇರಲೇಬೇಕು. ಅವರದೇ ಹೆಂಗಸರಿಗೆ ಮದುವೆಯಾದ ಮೇಲೂ ತಮ್ಮ ಹೆಸರು ಪೂರ್ತಿಯಾಗಿ ಸಿಕ್ಕಿದ್ದು 1990ರ ದಶಕದಲ್ಲಿ, ಅದೂ ಸಾಂವಿಧಾನಿಕ ನ್ಯಾಯಾಲಯ ಹೇಳಿದ ಮೇಲೆ. 2025ರ ಮೇ ತಿಂಗಳಿಂದ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಸೇರಿಸಿ ಇಟ್ಟುಕೊಳ್ಳಬಹುದು. ಆ ತಿದ್ದುಪಡಿಯಲ್ಲೇ ಉತ್ತರದ ಕಡಲತೀರದ ಫ್ರೀಸಿಯನ್ನರಿಗೆ ಅವರ ಹಳೆಯ ಪದ್ಧತಿ ವಾಪಸ್ ಸಿಕ್ಕಿತು: ಅಪ್ಪನ ಇಲ್ಲವೇ ಅಮ್ಮನ ಹೆಸರಿನಿಂದಲೇ ಮಗುವಿನ ಕೊನೆಯ ಹೆಸರು. ಅದನ್ನು ಓದಿ ನಗು ಬಂತು. ಇದನ್ನೇ ಅಲ್ವಾ ನಾನು ಆ ಕೌಂಟರಿನಲ್ಲಿ ಅರ್ಧ ಗಂಟೆ ವಿವರಿಸಿದ್ದು!

ಆ ರಿಯಾಯಿತಿ ನಮಗಿಲ್ಲ. ಅದಕ್ಕೇ ಟಿಕೆಟ್ ಮಾಡುವ ಮುಂಚೆ ಪಾಸ್‌ಪೋರ್ಟ್ ತೆಗೆದು ಸರ್‌ನೇಮ್ ಜಾಗ ನೋಡು. ಖಾಲಿ ಇದೆಯೋ, ಅಪ್ಪನ ಹೆಸರಿದೆಯೋ, ಊರಿನ ಹೆಸರಿದೆಯೋ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಬರೀ ಇನಿಷಿಯಲ್ ಇದ್ದರೆ ಅದನ್ನೂ ನನಗೆ ಬರೆದು ತಿಳಿಸು.