ಕಳಸ ಹಿಡಿದ ಕೈ ನಡುಗಿದರೆ?

"ಅಕ್ಕಾ, ನನಗೆ 23 ವರ್ಷ. ಕೋಲಾರದ ಪಕ್ಕದ ಹಳ್ಳಿ. ಬಿ.ಕಾಂ. ಮುಗಿಸಿ ಟೌನಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ. ಲೆಕ್ಕ ಚೆನ್ನಾಗಿ ಬರುತ್ತದೆ, ಮಾತು ಬರುವುದಿಲ್ಲ. ಆಫೀಸ್ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ. ಬೇರೆಯವರ ಎದುರು ತಿನ್ನಲು ಆಗುವುದಿಲ್ಲ, ಕೈ ನಡುಗುತ್ತದೆ. ಎಷ್ಟೋ ದಿನ ಡಬ್ಬಿಯನ್ನು ಹಾಗೇ ವಾಪಸ್ ತಂದಿದ್ದೇನೆ. ಬಸ್ಸಿನಲ್ಲಿ 'ಇಳೀಬೇಕು' ಅಂತ ಕೂಗಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದಿದ್ದೇನೆ. ಕೊರೊನಾ ಹೋಯಿತು, ನನ್ನ ಮಾಸ್ಕ್ ಹೋಗಿಲ್ಲ. ಅಪ್ಪ ಟೊಮೇಟೊ ಮಂಡಿಯಲ್ಲಿ ನೂರು ಜನರ ನಡುವೆ ಜಗಳ ಆಡಿ ರೇಟು ಕೇಳುತ್ತಾರೆ. ಅವರ ಮಗಳು ನಾನು! ಮನೆಯಲ್ಲಿ ಮಾತ್ರ 'ನಮ್ಮ ಹುಡುಗಿ ಸೈಲೆಂಟು, ತಲೆ ಎತ್ತಿ ಮಾತಾಡಲ್ಲ' ಅಂತ ಹೊಗಳುತ್ತಾರೆ.

ಇನ್ನು ಏಳು ವಾರಕ್ಕೆ ಅಕ್ಕನ ಮದುವೆ. ನಾನೇ ಕಳಸಗಿತ್ತಿ. ಛತ್ರದ ತುಂಬ ಜನರ ಮುಂದೆ ಕಳಸ ಹಿಡಿದು ನಿಲ್ಲುವುದನ್ನು ನೆನೆಸಿಕೊಂಡರೇ ಹೊಟ್ಟೆ ತೊಳಸುತ್ತದೆ. ಅವತ್ತು ಬೆಳಗ್ಗೆ 'ಹೊರಗಾಗಿದ್ದೇನೆ' ಅಂತ ಸುಳ್ಳು ಹೇಳಿದರೆ ಚಿಕ್ಕಪ್ಪನ ಮಗಳು ನಿಲ್ಲುತ್ತಾಳೆ. ಗೆಳತಿಯೊಬ್ಬಳು, ಎದೆಬಡಿತ ಇಳಿಸುವ ಮಾತ್ರೆ ಸಿಗುತ್ತದೆ, ನುಂಗಿ ನಿಂತುಕೋ ಅನ್ನುತ್ತಾಳೆ. ಏನು ಮಾಡಲಿ? ನನಗೂ ಎಲ್ಲರ ಹಾಗೆ ನಗುತ್ತಾ ಓಡಾಡಿಕೊಂಡು ಇರಬೇಕು ಅಂತ ಆಸೆ."

ತಂಗಿ, ಅಕ್ಕಾ ಅಂತ ಕರೆದಿದ್ದೀಯ. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಮೊದಲು ಒಂದು ಪ್ರಶ್ನೆ. ನೀನು ಕೊನೆಯ ಸಲ ಹೋದ ಮದುವೆಯಲ್ಲಿ ಕಳಸ ಹಿಡಿದವಳು ಯಾರು? ಯಾವ ಬಣ್ಣದ ಸೀರೆ ಉಟ್ಟಿದ್ದಳು? ಅವಳ ಕೈ ನಡುಗುತ್ತಿತ್ತಾ? ನಿನ್ನ ಪತ್ರ ಓದಿ ನಾನೂ ನೆನಪು ಮಾಡಿಕೊಳ್ಳಲು ನೋಡಿದೆ. ಈಚೆಗೆ ನೆಂಟರ ಮದುವೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದೆ. ಹುಡುಗಿಯ ಸೀರೆಯ ಅಂಚು ನೆನಪಿದೆ. ಒಡವೆ ನೆನಪಿದೆ. ಒಬ್ಬಟ್ಟಿಗೆ ತುಪ್ಪ ಕಮ್ಮಿ ಬಡಿಸಿದ್ದು ಇನ್ನೂ ಚೆನ್ನಾಗಿ ನೆನಪಿದೆ. ಕಳಸಗಿತ್ತಿಯ ಮುಖ ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಇದನ್ನು ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ. 2000ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಒಂದು ತಮಾಷೆಯ ಪ್ರಯೋಗ ಪ್ರಕಟಿಸಿದರು. ಹುಡುಗ ಹುಡುಗಿಯರಿಗೆ ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟ್ ತೊಡಿಸಿ, ಜನ ಕೂತಿದ್ದ ಕೋಣೆಯೊಳಗೆ ಕಳಿಸಿದರು. ಹೊರಗೆ ಬಂದ ಮೇಲೆ ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ ಅಂತ ಅವರ ಅಂದಾಜು. ನಿಜವಾಗಿ ಗಮನಿಸಿದ್ದವರು ಅದರ ಅರ್ಧ. ಉಳಿದವರು ತಮ್ಮ ತಮ್ಮ ಕೆಲಸದಲ್ಲಿದ್ದರು. 'ನಾಲ್ಕು ಜನ ಏನಂತಾರೆ' ಅಂತ ನಾವು ಹೆದರುತ್ತೇವಲ್ಲ, ಆ ನಾಲ್ವರಲ್ಲಿ ಮೂವರು ನಮ್ಮನ್ನು ನೋಡಿಯೇ ಇರುವುದಿಲ್ಲ.

ಆದರೆ ಈ ಲೆಕ್ಕ ಹೇಳಿದ ಮಾತ್ರಕ್ಕೆ ನಿನ್ನ ಕೈ ನಡುಗುವುದು ನಿಲ್ಲುವುದಿಲ್ಲ. ಅದೂ ಗೊತ್ತು.

ನಿನಗಿರುವುದು ಬರೀ ಸಂಕೋಚ ಅಂತ ನನಗೆ ಅನ್ನಿಸುವುದಿಲ್ಲ. ಸಂಕೋಚದವರು ಮೊದಲು ಹತ್ತು ನಿಮಿಷ ಮುದುಡುತ್ತಾರೆ, ಆಮೇಲೆ ಬೆರೆಯುತ್ತಾರೆ. ನೀನು ಊಟ ಬಿಟ್ಟಿದ್ದೀಯ, ಫೋನ್ ಬಿಟ್ಟಿದ್ದೀಯ, ಈಗ ಅಕ್ಕನ ಪಕ್ಕದ ಜಾಗವನ್ನೇ ಬಿಡಲು ಹೊರಟಿದ್ದೀಯ. ವೈದ್ಯರು ಇದನ್ನು ಸೋಷಿಯಲ್ ಆಂಗ್ಸೈಟಿ ಎನ್ನುತ್ತಾರೆ. ಹೆಚ್ಚಿನವರಿಗೆ ಇದು ಹದಿಹರೆಯದಲ್ಲೇ ಶುರುವಾಗುತ್ತದೆ. ಹುಡುಗನಿಗಾದರೆ 'ಇವನೇನು ಹೀಗೆ' ಅಂತ ಯಾರಾದರೂ ಕೇಳಿರುತ್ತಿದ್ದರು. ಹುಡುಗಿಗಾದರೆ ಅದಕ್ಕೆ ಒಳ್ಳೆಯ ಗುಣ ಅಂತ ಹೆಸರಿಟ್ಟು ಸರ್ಟಿಫಿಕೇಟ್ ಕೊಡುತ್ತೇವೆ. ನಿನ್ನ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ತಲೆ ಎತ್ತದ ಹುಡುಗಿಯನ್ನು ಹೊಗಳುವ ಚಾಳಿಯ ಮೇಲೆ ಖಂಡಿತ ಇದೆ. ನೀನು ಇಷ್ಟು ವರ್ಷ ಒಳಗೊಳಗೇ ಬೆಂದಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಈ ಭಯ ಹೇಗೆ ಬೆಳೆಯುತ್ತದೆ ಅಂತ ತಿಳಿದುಕೋ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1995ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಜನರ ನಡುವೆ ಹೋದ ತಕ್ಷಣ ನಿನ್ನ ಕಣ್ಣು ಒಳಕ್ಕೆ ತಿರುಗುತ್ತದೆ. ಕೈ ನಡುಗ್ತಿದೆಯಾ, ಮುಖ ಕೆಂಪಾಯ್ತಾ, ದನಿ ಒಡೀತಾ ಅಂತ ನಿನ್ನನ್ನು ನೀನೇ ಕಾವಲು ಕಾಯುತ್ತೀಯ. ನಡುಕವನ್ನೇ ನೋಡುತ್ತಾ ನಿಂತರೆ ನಡುಕ ಜಾಸ್ತಿಯಾಗುತ್ತದೆ. ಎದುರಿಗಿದ್ದವರು ನಿಜವಾಗಿ ಏನು ಮಾಡುತ್ತಿದ್ದಾರೆ ಅಂತ ನೋಡಲು ಕಣ್ಣಿಗೆ ಬಿಡುವೇ ಇಲ್ಲ. ಇನ್ನೊಂದು, ಬಚಾವಾಗುವ ಉಪಾಯಗಳು. ನಿನ್ನ ಮಾಸ್ಕ್, ಮುಚ್ಚಿದ ಡಬ್ಬಿ, ಎತ್ತದ ಫೋನ್. ಆ ಗಳಿಗೆಗೆ ಹಾಯ್ ಅನ್ನಿಸುತ್ತದೆ. ಆದರೆ 'ಮಾಸ್ಕ್ ಇತ್ತು, ಅದಕ್ಕೇ ಉಳಿದುಕೊಂಡೆ' ಅಂತ ಮನಸ್ಸು ಲೆಡ್ಜರ್‌ನಲ್ಲಿ ಬರೆದುಕೊಳ್ಳುತ್ತದೆ. ಮಾಸ್ಕ್ ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ ಎಂಬ ಎಂಟ್ರಿ ಬೀಳುವುದೇ ಇಲ್ಲ. ನೀನು ಅಕೌಂಟ್ಸ್‌ನವಳು. ಒಂದೇ ಕಡೆ ಬರೆದ ಲೆಕ್ಕ ಟ್ಯಾಲಿ ಆಗುವುದಿಲ್ಲ, ಅಲ್ವಾ?

ಈಗ ಆ ಸುಳ್ಳಿನ ವಿಷಯ. 'ಹೊರಗಾಗಿದ್ದೇನೆ' ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಅದಕ್ಕೇ ಅದು ಅಪಾಯ. ಅದು ಎಲ್ಲಕ್ಕಿಂತ ದೊಡ್ಡ ಮಾಸ್ಕ್. ಮದುವೆ ಫೋಟೋಗಳಲ್ಲಿ ಅಕ್ಕನ ಪಕ್ಕ ಚಿಕ್ಕಪ್ಪನ ಮಗಳನ್ನು ನೋಡಿದಾಗಲೆಲ್ಲ ನಿನಗೆ ಚುಚ್ಚುತ್ತದೆ. ಹಾಗಾಗಿ ನಾನು ಬೇಡ ಅನ್ನುತ್ತೇನೆ. ಸುಳ್ಳು ಪಾಪ ಅಂತ ಅಲ್ಲ.

ಮಾತ್ರೆಯನ್ನು ಗೆಳತಿಯ ಮಾತು ಕೇಳಿ ನುಂಗಬೇಡ. ಅವಳು ಹೇಳುತ್ತಿರುವುದು ಬಹುಶಃ ಪ್ರೊಪ್ರನಲಾಲ್. ಉಬ್ಬಸ, ವೀಸಿಂಗ್ ಇರುವವರಿಗೆ ಅದು ಅಪಾಯ. ಬಿಪಿ ಕಡಿಮೆ ಇರುವವರಿಗೂ ಒಳ್ಳೆಯದಲ್ಲ. ವೈದ್ಯರು ನೋಡಿ ಬರೆದುಕೊಟ್ಟರೆ ಆ ಮಾತು ಬೇರೆ.

ಹಾಗಂತ 'ಧೈರ್ಯ ಮಾಡು, ಹೋಗಿ ನಿಂತುಬಿಡು' ಅಂತಲೂ ನಾನು ಹೇಳುವವಳಲ್ಲ. ಬಾವಿಗೆ ತಳ್ಳಿ ಈಜು ಕಲಿಸುವವರು ನಮ್ಮ ಕಡೆ ಜಾಸ್ತಿ. (ಕೋಲಾರದ ಬಾವಿಗಳಲ್ಲಿ ನೀರು ಇರಲಿಲ್ಲ ಎಂಬುದು ಬೇರೆ ಮಾತು.) ನಿನ್ನ ಕೈಯಲ್ಲಿ ಏಳು ವಾರ ಇದೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತೋಣ. ಒಂದು ಚಿಕ್ಕ ನೋಟ್‌ಬುಕ್ ತಗೋ. ಪ್ರತಿ ಸಲ ಹೋಗುವ ಮುಂಚೆ 'ಏನಾಗಬಹುದು ಅಂತ ಹೆದರಿದ್ದೇನೆ' ಅಂತ ಬರೆ. ಬಂದ ಮೇಲೆ 'ಏನಾಯಿತು' ಅಂತ ಬರೆ. ಅಷ್ಟೇ.

ಮೊದಲ ವಾರ ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಮಾಸ್ಕ್ ತೆಗೆದು ಕಂಡಕ್ಟರ್ ಒಬ್ಬರನ್ನು 'ಮುಳಬಾಗಿಲಿಗೆ ಬಸ್ ಎಷ್ಟು ಗಂಟೆಗೆ?' ಅಂತ ಕೇಳು. ಹೋಗುವುದು ಬೇಡ, ಕೇಳಿದರೆ ಸಾಕು. ದಿನಕ್ಕೆ ಎರಡು ಸಲ. ನಿನ್ನ ಬಸ್ಸಿನ ಕಥೆ ಓದಿ ನನಗೆ ನಗು ಬಂತು, ತಪ್ಪು ತಿಳಿಯಬೇಡ. ಕಾಲೇಜು ದಿನಗಳಲ್ಲಿ ನರಸಾಪುರದಲ್ಲಿ ಇಳಿಯಬೇಕಾದ ನಾನು ಕೂಗಲು ನಾಚಿಕೆಯಾಗಿ ಹೊಸಕೋಟೆವರೆಗೂ ಹೋಗಿದ್ದೇನೆ. ವಾಪಸ್ ಬರಲು ದುಡ್ಡಿರಲಿಲ್ಲ. ಕೊನೆಗೆ ಗುರುತಿಲ್ಲದ ಒಬ್ಬ ಅಜ್ಜಿಯ ಹತ್ತಿರ ಟಿಕೆಟಿಗೆ ಕಾಸು ಕೇಳಬೇಕಾಯಿತು. 'ಇಳೀಬೇಕು' ಅನ್ನುವ ಒಂದು ಮಾತು ಉಳಿಸಲು ಹೋಗಿ ಇಪ್ಪತ್ತು ಮಾತು ಖರ್ಚಾಯಿತು!

ಎರಡನೇ ವಾರ ಆಫೀಸ್ ಫೋನ್. ದಿನಕ್ಕೆ ಒಂದು ಕರೆ ನೀನೇ ಎತ್ತು. ಏನು ಮಾತಾಡಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಬೇಡ, ಅದೂ ಒಂದು ಊರುಗೋಲೇ. ಡಬ್ಬಿಯನ್ನು ಪಕ್ಕದ ಮೇಜಿನವಳ ಜೊತೆ ಬಿಚ್ಚು. ನಾಲ್ಕು ತುತ್ತು ಸಾಕು, ಪೂರ್ತಿ ತಿನ್ನಬೇಕು ಅಂತಿಲ್ಲ.

ಮೂರನೇ ವಾರದ್ದು ನನಗೆ ತುಂಬ ಇಷ್ಟವಾದ ಮೆಟ್ಟಿಲು. ಅಕ್ಕನನ್ನು ಕರೆದುಕೊಂಡು ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿನ್ನು. ಅಲ್ಲಿನ ಪಾನಿ ಗೊತ್ತಲ್ಲ, ನೋಡಲು ಬರೀ ನೀರಿನ ಥರ ತಿಳಿ, ಬಾಯಿಗಿಟ್ಟರೆ ಖಾರ ನೆತ್ತಿಗೆ ಹತ್ತುತ್ತದೆ. ಆ ಗಾಡಿಯ ಸುತ್ತ ನಿಂತವರನ್ನು ಒಂದು ಐದು ನಿಮಿಷ ಸುಮ್ನೆ ನೋಡು. ಒಬ್ಬರಾದರೂ ಚೆಂದವಾಗಿ ತಿನ್ನುತ್ತಿರುತ್ತಾರಾ? ಒಬ್ಬರ ಗಲ್ಲದಿಂದ ನೀರು ಸೋರುತ್ತಿರುತ್ತದೆ. ಒಬ್ಬರ ಮೂಗು ಸುರಿಯುತ್ತಿರುತ್ತದೆ. ಇಷ್ಟಗಲ ಬಾಯಿ ತೆರೆದ ಲೆಕ್ಚರರ್ ಒಬ್ಬರ ಪುರಿ ಅರ್ಧಕ್ಕೆ ಒಡೆದು ಶರ್ಟ್ ಒದ್ದೆಯಾಗಿರುತ್ತದೆ. ಕೈ ನಡುಗಿದರೂ ನಡುಗದಿದ್ದರೂ ಅಲ್ಲಿ ಎಲ್ಲರೂ ಚೆಲ್ಲುತ್ತಾರೆ. ಮೊದಲ ದಿನ ಹೇಗೋ ತಿಂದು ಬಾ. ಮುಂದಿನ ವಾರ ಹೋದಾಗ ಬೇಕು ಅಂತಲೇ ಒಂದು ಪುರಿ ಚೆಲ್ಲು. ಹೌದು, ಬೇಕು ಅಂತಲೇ. ನೀನು ವರ್ಷಗಳಿಂದ ಯಾವುದಕ್ಕೆ ಹೆದರಿದ್ದೀಯೋ ಅದನ್ನೇ ಮಾಡಿ, ಆಮೇಲೆ ತಲೆ ಎತ್ತಿ ಸುತ್ತಲೂ ನೋಡು. ಗಾಡಿಯಣ್ಣ ಮುಂದಿನ ಪುರಿ ಒಡೆಯುತ್ತಿರುತ್ತಾನೆ. ಇದನ್ನು ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆ.

ಎದೆ ಹೊಡೆದುಕೊಳ್ಳಲು ಶುರುವಾದಾಗ ಅಲ್ಲಿಂದ ಹೊರಡಬೇಡ. ಭಯ ಏರುತ್ತದೆ, ಏರಿ ಒಂದು ಕಡೆ ನಿಲ್ಲುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಇಳಿಯುವ ಮುಂಚೆ ಓಡಿಹೋದರೆ ಅದು ಇಳಿಯುತ್ತದೆ ಅನ್ನುವುದೇ ನಿನಗೆ ತಿಳಿಯುವುದಿಲ್ಲ.

ಐದನೇ ವಾರ ಅಪ್ಪನ ಜೊತೆ ಮಂಡಿಗೆ ಹೋಗು. ಆ ಗದ್ದಲದಲ್ಲಿ ಯಾರಿಗೂ ನಿನ್ನನ್ನು ನೋಡಲು ಪುರುಸೊತ್ತಿರುವುದಿಲ್ಲ. ಗುರುತಿಲ್ಲದ ಒಬ್ಬರನ್ನು 'ಅಣ್ಣಾ, 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯ್ತು?' ಅಂತ ಕೇಳು. ಕೂಗಿಯೇ ಕೇಳಬೇಕಾಗುತ್ತದೆ, ಮೆಲ್ಲಗೆ ಕೇಳಿದರೆ ಕೇಳಿಸುವುದಿಲ್ಲ. ಅಪ್ಪನಿಗೆ ಆಶ್ಚರ್ಯವಾಗಬಹುದು, ಆಗಲಿ. ಕೊನೆಯ ಎರಡು ವಾರ ಮನೆಯಲ್ಲೇ ಸೀರೆ ಉಟ್ಟು, ನೀರು ತುಂಬಿದ ಚೆಂಬಿನ ಮೇಲೆ ತೆಂಗಿನಕಾಯಿ ಇಟ್ಟು, ಅತ್ತೆ ಚಿಕ್ಕಮ್ಮಂದಿರ ಎದುರು ಕಾಲು ಗಂಟೆ ನಿಂತು ಅಭ್ಯಾಸ ಮಾಡು. ಕಳಸ ಭಾರ. ಅಷ್ಟು ಹೊತ್ತು ಹಿಡಿದರೆ ಯಾರ ಕೈಯಾದರೂ ಸೋಲುತ್ತದೆ. ನಡುಕವೆಲ್ಲ ಭಯದ್ದೇ ಅಂದುಕೊಳ್ಳಬೇಡ.

ಇಷ್ಟರ ನಡುವೆ ಅಕ್ಕನಿಗೆ ವಿಷಯ ಹೇಳು. ಇವತ್ತು ರಾತ್ರಿಯೇ ಹೇಳಿದರೆ ಒಳ್ಳೆಯದು. 'ನಿನ್ನ ಪಕ್ಕ ನಿಲ್ಲಬೇಕು ಅಂತ ಆಸೆ, ಆದರೆ ತುಂಬ ಭಯ' ಅನ್ನು, ಸಾಕು. ಅವಳಿಗೂ ಅವಳದೇ ಭಯ ಇರುತ್ತದೆ. ಬೇರೆ ಮನೆಗೆ ಹೊರಟವಳು ಅವಳು. ಚಿಕ್ಕಪ್ಪನ ಮಗಳಿಗೂ ಹೇಳಿ ಹತ್ತಿರದಲ್ಲೇ ಇರಲು ಕೇಳಿಕೊಳ್ಳಿ. ತೀರಾ ಆಗದಿದ್ದರೆ ಕಳಸ ಅವಳ ಕೈಗೆ ಕೊಟ್ಟು ಅಕ್ಕನ ಹಿಂದೆಯೇ ನಿಂತಿರು. ಅರ್ಧ ಮುಹೂರ್ತ ಹಿಡಿದರೂ ಹಿಡಿದ ಹಾಗೆಯೇ.

ಮದುವೆಯ ದಿನ ನಿನ್ನ ಕೈಯನ್ನು ನೋಡಿಕೊಳ್ಳಬೇಡ. ಛತ್ರವನ್ನು ನೋಡು. ಮೂರನೇ ಸಾಲಿನಲ್ಲಿ ಯಾರು ತೂಕಡಿಸುತ್ತಿದ್ದಾರೆ, ಯಾವ ಮಗು ಅಕ್ಷತೆ ತಿನ್ನುತ್ತಿದೆ, ಊಟದ ಹಾಲ್ ಕಡೆಗೆ ಯಾರು ಮೆಲ್ಲಗೆ ಜಾರುತ್ತಿದ್ದಾರೆ. ಸಂಜೆ ನನಗೆ ವರದಿ ಬರೆಯಬೇಕು ಅಂದುಕೊಂಡು ನೋಡು.

ಒಂದು ವಿಷಯ ಬಾಕಿ. ಮೊದಲ ಮೆಟ್ಟಿಲೇ ಹತ್ತಲಾಗದಿದ್ದರೆ ಮದುವೆ ಮುಗಿಯಲಿ ಅಂತ ಕಾಯಬೇಡ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ನಾನು ಹೇಳಿದ ಮೆಟ್ಟಿಲುಗಳನ್ನೇ ಅವರು ಸಿಬಿಟಿ ಎಂಬ, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆಯಲ್ಲಿ ಇನ್ನೂ ಚೆನ್ನಾಗಿ, ಜೊತೆಗೆ ನಿಂತು ಹತ್ತಿಸುತ್ತಾರೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಅದರ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಹೊರಗೆ ಹೋಗುವುದೇ ಕಷ್ಟವಾದರೆ 14416ಕ್ಕೆ ಫೋನ್ ಮಾಡು. ಅದು 2022ರಲ್ಲಿ ಶುರುವಾದ, ಮನಸ್ಸಿನ ತೊಂದರೆಗಳಿಗೆ ನೆರವಾಗುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನಿಗೇ ಹೆದರುವವಳಿಗೆ ಫೋನ್ ಮಾಡು ಅನ್ನುತ್ತಿದ್ದೇನೆ, ಗೊತ್ತು. ಮೊದಲ ಸಲ ಅಕ್ಕ ಡಯಲ್ ಮಾಡಿ ಕೈಗೆ ಕೊಡಲಿ. ಹಲೋ ಅಂದು ಸುಮ್ಮನಾದರೂ ಅವರು ಬೈಯುವುದಿಲ್ಲ.

ಬಂಗಾರಪೇಟೆಗೆ ಹೋದ ದಿನ ನಾಲ್ಕು ಸಾಲು ಬರೆದು ಹಾಕು. ಎಷ್ಟು ಚೆಲ್ಲಿತು, ಯಾರು ನೋಡಿದರು, ಅಷ್ಟೇ ಸಾಕು. ಮಾಸ್ಕನ್ನು ಮನೆಯಲ್ಲೇ ಬಿಟ್ಟು ಹೋಗು. ಹಾಕಿಕೊಂಡು ಹೋದರೂ ಅಲ್ಲಿ ತೆಗೆಯಲೇಬೇಕು, ಪುರಿ ಮಾಸ್ಕಿನೊಳಗೆ ಹೋಗುವುದಿಲ್ಲ.